ಡಬ್ಬಿ ತುಂಬ ಕಾರ್ಡು, ಕೇಳೋಕೆ ಬಾಯಿಲ್ಲ

ನಾನು ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿ ಆಪ್ತಸಲಹೆಗಾರ್ತಿ. ನನ್ನ ಹತ್ತಿರ ಬರುವವರಲ್ಲಿ ಕಪ್ಪು ಮಹಿಳೆಯರು ಜಾಸ್ತಿ. ಇದು ಅಂಥ ಒಬ್ಬರ ಕಥೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಕೆಲಸದ ಮತ್ತು ಮನೆಯ ವಿವರ ಬದಲಿಸಿದ್ದೇನೆ. ನೋರಾ ಎಂಬುದೂ ನಾನಿಟ್ಟ ಹೆಸರು.

ನೋರಾಗೆ ನಲವತ್ತರ ಆಸುಪಾಸು. ವಿಮಾ ಕಂಪನಿಯೊಂದರಲ್ಲಿ ಕೆಲಸ. ರಾತ್ರಿ ಹೊತ್ತು ಮತ್ತು ವಾರದ ಕೊನೆಗೆ ಅಡುಗೆ ವಿಡಿಯೊ ಮಾಡುತ್ತಾರೆ. ಅಜ್ಜಿಯ ಕಾಲದ ಜಾರ್ಜಿಯಾ ಅಡುಗೆಯನ್ನು ಸಕ್ಕರೆ ಕಾಯಿಲೆಯವರಿಗೆ ಹೊಂದುವ ಹಾಗೆ ಮಾಡಿ ತೋರಿಸುವುದು ಅವರ ಚಾನೆಲ್‌ನ ವಿಶೇಷ. ಬೆಂಡೆಕಾಯಿ, ಅಲಸಂದೆ ಎಂದಾಗ ನನ್ನ ಕಿವಿ ನೆಟ್ಟಗಾಯಿತು. ಅಲಸಂದೆ ಆಫ್ರಿಕಾದಿಂದ ಅವರ ಅಡುಗೆಮನೆಗೂ ಬಂತು, ನಮ್ಮದಕ್ಕೂ ಬಂತು. ಹೊಸ ವರ್ಷದ ದಿನ ಅದನ್ನು ತಿಂದರೆ ವರ್ಷವೆಲ್ಲ ಒಳ್ಳೆಯದಾಗುತ್ತದೆ ಎಂದು ಅವರ ಕಡೆ ನಂಬಿಕೆ.

ನೋರಾ ಬಂದಿದ್ದು ನಿದ್ದೆ ಬರುವುದಿಲ್ಲ ಎಂದು. ಕೆದಕಿದಾಗ ಹೊರಬಿದ್ದದ್ದು ಕ್ರೆಡಿಟ್ ಕಾರ್ಡಿನ ಸಾಲ. ವರ್ಷಕ್ಕೆ ಮೂರು ನಾಲ್ಕು ಸಲ ಕಪ್ಪು ಮಹಿಳಾ ಉದ್ಯೋಗಿಗಳ, ಕಂಟೆಂಟ್ ಮಾಡುವವರ ಸಮಾವೇಶಗಳಿಗೆ ಹೋಗುತ್ತಾರೆ. ಟಿಕೆಟ್ಟು, ವಿಮಾನ, ಮೂರು ರಾತ್ರಿ ಹೋಟೆಲು, ಬಟ್ಟೆ, ಕೂದಲು ಹೆಣೆಸುವ ಖರ್ಚು. ಮೊದಲು ಅರ್ಧ ಖರ್ಚು ಆಫೀಸು ಕೊಡುತ್ತಿತ್ತು, ಈಗ ನಿಲ್ಲಿಸಿದೆ. "ಇದು ಬಿಸಿನೆಸ್ ಅಂತೀಯಲ್ಲ, ಬಿಸಿನೆಸ್ ಎಲ್ಲಿದೆ ತೋರಿಸು" ಎಂದು ಗಂಡ ಕೇಳಿದ್ದಾರೆ. ನೋರಾ ಹತ್ತಿರ ಉತ್ತರ ಇರಲಿಲ್ಲ.

ಮೊದಲ ಭೇಟಿಯಲ್ಲೇ ನನ್ನನ್ನು ನೇರವಾಗಿ ಕೇಳಿದರು: "ನೀವು ಕಪ್ಪು ಹೆಂಗಸಲ್ಲ. ನಿಮಗೆ ಇದು ಅರ್ಥವಾಗುತ್ತಾ?" ಎಲ್ಲವೂ ಆಗಲಾರದು, ಆಗದಿದ್ದಾಗ ಕೇಳುತ್ತೇನೆ, ಬೇಕಿದ್ದರೆ ಕಪ್ಪು ಸಲಹೆಗಾರ್ತಿಯರ ಹೆಸರು ಕೊಡುತ್ತೇನೆ ಎಂದೆ. ನೋಡೋಣ ಎಂದು ಉಳಿದರು.

ಇಲ್ಲಿರುವ ನಮ್ಮ ಕನ್ನಡದ ಗೆಳತಿಯರು ಆಗಾಗ ಕೇಳುವುದುಂಟು: ಅವರಿಗೇ ಅಂತ ಬೇರೆ ಸಮಾವೇಶ ಯಾಕೆ, ಎಲ್ಲರ ಜೊತೆ ಬರಬಹುದಲ್ವಾ? ಎರಡು ವರ್ಷಕ್ಕೊಮ್ಮೆ ಅಮೆರಿಕದ ಕನ್ನಡ ಕೂಟಗಳ ‘ಅಕ್ಕ’ ಸಮ್ಮೇಳನಕ್ಕೆ ರೇಷ್ಮೆ ಸೀರೆ ತೆಗೆದಿಟ್ಟುಕೊಂಡು ಹೋಗುವ ನಮಗೆ ಇದರ ಅರ್ಧ ಉತ್ತರ ಗೊತ್ತು. ಇನ್ನರ್ಧ ನಮ್ಮ ಅನುಭವಕ್ಕೆ ಬಂದಿಲ್ಲ. ನಾವು ಊರು ಬಿಟ್ಟು ಬಂದವರು, ಊರಿನ ಆಸೆಗೆ ಸೇರುತ್ತೇವೆ. ನೋರಾ ಮನೆಯವರು ತಲೆಮಾರುಗಳಿಂದ ಇದೇ ನೆಲದಲ್ಲಿ ದುಡಿದವರು. ಸ್ವಂತ ಊರಿನಲ್ಲೇ ಹೊರಗಿನವರ ಹಾಗೆ ನಡೆಸಿಕೊಂಡಿದ್ದರಿಂದ ಸೇರುತ್ತಾರೆ.

ಆಫೀಸಿನ ಮೀಟಿಂಗಿನಲ್ಲಿ ನೋರಾ ಒಬ್ಬರೇ ಕಪ್ಪು ಹೆಂಗಸು. ದನಿ ಸ್ವಲ್ಪ ಏರಿದರೆ ಸಿಟ್ಟಿನ ಹೆಂಗಸು ಎಂಬ ಹಣೆಪಟ್ಟಿ ಸಿದ್ಧ. ಕೂದಲು ಹೆಣೆಸಿಕೊಂಡು ಹೋದ ದಿನ ಎಲ್ಲರ ಕಣ್ಣೂ ಅಲ್ಲೇ. ಸಹಜ ಕೂದಲಿನ ಕಾರಣಕ್ಕೆ ಕೆಲಸದಲ್ಲಿ ಭೇದ ಮಾಡಬಾರದು ಎಂದು ಅಮೆರಿಕದ ಒಂದು ರಾಜ್ಯ ಮೊದಲ ಸಲ ಕಾನೂನು ಮಾಡಿದ್ದು 2019ರಲ್ಲಿ, ಅದೂ ಕ್ಯಾಲಿಫೋರ್ನಿಯಾದಲ್ಲಿ. ಬಡ್ತಿಯ ಲೆಕ್ಕವೂ ಹಾಗೇ ಇದೆ. ಮೆಕಿನ್ಸಿ ಎಂಬ ಸಲಹಾ ಕಂಪನಿ ಮತ್ತು ಮಹಿಳೆಯರಿಗಾಗಿ ದುಡಿಯುವ ಲೀನ್ ಇನ್ ಸಂಸ್ಥೆಯ 2023ರ ವರದಿಯಲ್ಲಿ, ಮೊದಲ ಮ್ಯಾನೇಜರ್ ಮೆಟ್ಟಿಲಿಗೆ ಗಂಡಸರು ಏರುವ ಪ್ರಮಾಣ 100 ಎಂದಿಟ್ಟುಕೊಂಡರೆ ಕಪ್ಪು ಮಹಿಳೆಯರದು 54. ಇಂಥ ಜಾಗದಿಂದ ಸಮಾವೇಶದ ಸಭಾಂಗಣಕ್ಕೆ ಕಾಲಿಟ್ಟ ಕೂಡಲೇ ಏನಾಗುತ್ತದೆ ಎಂದು ಕೇಳಿದೆ. ನೋರಾ ಮಾತಾಡಲಿಲ್ಲ. ಕಿವಿಯ ಹತ್ತಿರ ಬಿಗಿಹಿಡಿದಿದ್ದ ಭುಜಗಳನ್ನು ಕೆಳಗೆ ಬಿಟ್ಟು ತೋರಿಸಿದರು.

ಈ ಸಮಾವೇಶಗಳ ಹಳೆಯ ಕಥೆ ನನಗೆ ಹೇಳಿದ್ದೂ ಅವರೇ. 1895ರಲ್ಲಿ ಜೋಸೆಫೀನ್ ಸೇಂಟ್ ಪಿಯರ್ ರಫಿನ್ ಬಾಸ್ಟನ್ನಿನಲ್ಲಿ ಕಪ್ಪು ಮಹಿಳೆಯರ ರಾಷ್ಟ್ರೀಯ ಸಭೆ ಕರೆದರು. ಮರುವರ್ಷ ಹುಟ್ಟಿದ ರಾಷ್ಟ್ರೀಯ ಸಂಘಕ್ಕೆ ಮೇರಿ ಚರ್ಚ್ ಟೆರೆಲ್ ಮೊದಲ ಅಧ್ಯಕ್ಷೆ. ತಾನು ಮೇಲೇರುವಾಗ ಜೊತೆಯವರನ್ನೂ ಎತ್ತಬೇಕು ಎಂಬುದು ಅದರ ಧ್ಯೇಯ. 1917ರಲ್ಲಿ ಮೇಡಂ ಸಿ.ಜೆ. ವಾಕರ್ ತಮ್ಮ ಕೂದಲಿನ ಸಾಮಾನು ಮಾರುವ ಏಜೆಂಟರನ್ನು ಫಿಲಡೆಲ್ಫಿಯಾದಲ್ಲಿ ಸೇರಿಸಿದರು. ಇನ್ನೂರರಷ್ಟು ಹೆಂಗಸರು ಬಂದಿದ್ದರು. ಹೆಚ್ಚು ಮಾರಿದವರಿಗೆ ಬಹುಮಾನ, ಹೆಚ್ಚು ದಾನ ಮಾಡಿದವರಿಗೂ ಬಹುಮಾನ. ಜನರನ್ನು ಗುಂಪುಗೂಡಿ ಕೊಲ್ಲುವುದರ ವಿರುದ್ಧ ಕಾನೂನು ತನ್ನಿ ಎಂದು ಆ ಸಭೆಯಿಂದಲೇ ಅಮೆರಿಕದ ಅಧ್ಯಕ್ಷ ವಿಲ್ಸನ್‌ಗೆ ತಂತಿ ಹೋಯಿತು. ನೋರಾ ಇದನ್ನೆಲ್ಲ ಹೇಳುವಾಗ ಮುಖವೇ ಬೇರೆ ಇರುತ್ತಿತ್ತು.

ಸಮಾವೇಶಗಳಲ್ಲಿ ಸಿಕ್ಕ ಬಿಸಿನೆಸ್ ಕಾರ್ಡುಗಳನ್ನು ತನ್ನಿ ಎಂದೆ. ಬೆಣ್ಣೆ ಬಿಸ್ಕತ್ತಿನ ನೀಲಿ ಡಬ್ಬಿಯಲ್ಲಿ ತಂದರು. ಪ್ರತಿ ಕಾರ್ಡಿನ ಹಿಂದೆ ಪುಟ್ಟ ಅಕ್ಷರದಲ್ಲಿ ಟಿಪ್ಪಣಿ. "ಮಗಳಿಗೆ ಕಾಲೇಜು ಹುಡುಕುತ್ತಿದ್ದಾರೆ." "ಲೇಬಲ್ ಪ್ರಿಂಟ್ ಮಾಡುವವರು ಬೇಕು." "ತಾಯಿಗೆ ಸಕ್ಕರೆ ಕಾಯಿಲೆ, ರೆಸಿಪಿ ಕಳಿಸಬೇಕು." ಕಳಿಸಿಯೂ ಇದ್ದರು. ಎಷ್ಟೋ ಜನರಿಗೆ ನೆರವಾಗಿದ್ದರು. ಎಲ್ಲ ಕಾರ್ಡು ಓದಿದ ಮೇಲೆ ಕೇಳಿದೆ: "ಇವರಿಗೆ ಏನು ಬೇಕು ಅಂತ ಬರೆದಿದ್ದೀರಿ. ಇವರಿಂದ ನಿಮಗೆ ಏನು ಬೇಕು ಅಂತ ಎಲ್ಲಿ ಬರೆದಿದ್ದೀರಿ?"

ಎಲ್ಲೂ ಇರಲಿಲ್ಲ.

ಈ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಇದೇ. ಸಾಲ, ನಿದ್ದೆ, ಗಂಡನ ಜೊತೆ ಜಗಳ ಎಲ್ಲ ಆಮೇಲಿನದು. ನಾರ್ತ್ ಕ್ಯಾರೊಲಿನಾದ ಸಂಶೋಧಕಿ ಶೆರಿಲ್ ವುಡ್ಸ್ ಜಿಸ್ಕೊಂಬೆ 2010ರಲ್ಲಿ ಕಪ್ಪು ಮಹಿಳೆಯರ ಜೊತೆ ಕೂತು ಮಾತಾಡಿ, ಅವರು ಹೊತ್ತುಕೊಂಡ ಐದು ಕಟ್ಟುಪಾಡುಗಳನ್ನು ಗುರುತಿಸಿದರು: ಗಟ್ಟಿಯಾಗಿ ಕಾಣಬೇಕು, ಅಳು ನುಂಗಬೇಕು, ಯಾರ ಆಸರೆಯನ್ನೂ ಬೇಡಬಾರದು, ಏನೇ ಆದರೂ ಗೆಲ್ಲಬೇಕು, ಎಲ್ಲರಿಗೂ ನೆರವಾಗಬೇಕು. ಈ ಐದೂ ನೋರಾ ಬದುಕಿನಲ್ಲಿ ಇದ್ದವು. ಅವರ ತಾಯಿ ಆಸ್ಪತ್ರೆಯಲ್ಲಿ ಎರಡು ಪಾಳಿ ದುಡಿದು ಮಕ್ಕಳನ್ನು ಸಾಕಿದವರು. ಯಾರ ಮುಂದೆಯೂ ಕೈ ಚಾಚಬೇಡ ಎಂದು ಹೇಳಿಯೇ ಬೆಳೆಸಿದರು. ಇದನ್ನು ನಾನು ರೋಗ ಎನ್ನುವುದಿಲ್ಲ. ಮೊದಲ ಕೆಲಸದಲ್ಲಿ ನೋರಾ ಒಮ್ಮೆ ಸಹಾಯ ಕೇಳಿದ್ದರು. ವರ್ಷದ ಕೊನೆಯ ವರದಿಯಲ್ಲಿ ಅದೇ ಕೊರತೆಯಾಗಿ ಬಂತು. ಕೇಳಿದರೆ ಏಟು ಬೀಳುತ್ತದೆ ಎಂಬುದು ಅವರ ಭ್ರಮೆಯಲ್ಲ, ಬಿದ್ದಿತ್ತು. ಆದರೆ ಆ ಆಫೀಸಿನ ಪಾಠವನ್ನು ಅಕ್ಕತಂಗಿಯರಂಥವರ ಸಭೆಗೂ ಹೊತ್ತೊಯ್ಯುತ್ತಿದ್ದರು.

ಇನ್ನು ನಾನು ಕೊಟ್ಟ ಸಲಹೆ.

ಮೊದಲನೆಯದು, ಉಸಿರಾಡಲು ಹೋಗುವುದನ್ನೂ ವ್ಯವಹಾರಕ್ಕೆ ಹೋಗುವುದನ್ನೂ ಬೇರೆ ಮಾಡಿ ಎಂದೆ. ಭುಜ ಇಳಿಸಲು ಹೋಗುವುದು ತಪ್ಪಲ್ಲ, ಅದಕ್ಕೆ ಬಿಸಿನೆಸ್ ಎಂಬ ನೆಪವೂ ಬೇಕಿಲ್ಲ. ಆದರೆ ಆ ಖರ್ಚು ಮನೆಯ ರಜೆಯ ಹಣದಿಂದ, ಗಂಡನಿಗೆ ಹೇಳಿ ಆಗಬೇಕು. "ಲಾಭಕ್ಕಲ್ಲ, ನನಗೆ ಇದು ಬೇಕು" ಎಂದು ಹೇಳುವುದನ್ನು ಇಲ್ಲೇ ಅಭ್ಯಾಸ ಮಾಡಿಸಿದೆ. ಈ ವಾಕ್ಯಕ್ಕೆ ಅವರಿಗೆ ಬಹಳ ಹೊತ್ತು ಬೇಕಾಯಿತು. ಖರ್ಚು ತಗ್ಗಿಸುವ ದಾರಿಗಳೂ ಇವೆ. 1995ರಿಂದ ನ್ಯೂ ಆರ್ಲಿಯನ್ಸ್‌ನಲ್ಲಿ ನಡೆಯುವ ಎಸೆನ್ಸ್ ಉತ್ಸವದಲ್ಲಿ ಹಗಲಿನ ಮಾತುಕತೆಗಳು ಬಹಳಷ್ಟು ಉಚಿತ, ರಾತ್ರಿಯ ಸಂಗೀತಕ್ಕೆ ಮಾತ್ರ ಟಿಕೆಟ್ಟು.

ವ್ಯವಹಾರದ ಸಮಾವೇಶಕ್ಕೆ ಹೊರಡುವ ಮೊದಲು ಒಂದೇ ಒಂದು ಕೋರಿಕೆ ಬರೆದಿಟ್ಟುಕೊಳ್ಳಬೇಕು. ಭಾಷಣಕಾರರಾಗಿ ಅರ್ಜಿ ಹಾಕಬೇಕು, ಎಷ್ಟೋ ಕಡೆ ಅಂಥವರಿಗೆ ಪ್ರವೇಶ ಶುಲ್ಕ ಇರುವುದಿಲ್ಲ. ಸಾಲ ತೀರುವವರೆಗೆ ಕಾರ್ಡಿನಲ್ಲಿ ವಿಮಾನ ಟಿಕೆಟ್ ಬೇಡ. ವಾಪಸು ಬಂದ ಮರುದಿನವೇ ಆಫೀಸಿಗೆ ಹೋಗದೆ ಒಂದು ದಿನ ರಜೆ ಹಾಕಬೇಕು. ಪ್ರತಿ ಸಲ ಬಂದ ಮೂರನೇ ದಿನಕ್ಕೆ ನೋರಾ ಕುಸಿಯುತ್ತಿದ್ದರು, ಅದನ್ನು ತಮ್ಮ ಸೋಲು ಎಂದುಕೊಂಡಿದ್ದರು. ಅಷ್ಟು ಸಡಿಲವಾದ ಮೈಯನ್ನು ಮತ್ತೆ ಬಿಗಿ ಮಾಡುವಾಗ ನೋಯದೆ ಇರುತ್ತದೆಯೇ?

ಅನುದಾನಕ್ಕೆ ಕಾಯುವುದನ್ನು ಬಿಡಿ ಎಂದೂ ಹೇಳಬೇಕಾಯಿತು. ಅಟ್ಲಾಂಟಾದ ಫಿಯರ್‌ಲೆಸ್ ಫಂಡ್ ಎಂಬ ಹೂಡಿಕೆ ಸಂಸ್ಥೆ ಕಪ್ಪು ಮಹಿಳೆಯರ ಉದ್ಯಮಕ್ಕೆ 20,000 ಡಾಲರ್ ಕೊಡುವ ಸ್ಪರ್ಧೆ ನಡೆಸುತ್ತಿತ್ತು. ನೋರಾ ಕಣ್ಣು ಅದರ ಮೇಲಿತ್ತು. 2023ರಲ್ಲಿ ಅದರ ಮೇಲೆ ಕೇಸು ಬಿತ್ತು, 2024ರಲ್ಲಿ ರಾಜಿಯಾಗಿ ಆ ಸ್ಪರ್ಧೆಯೇ ನಿಂತುಹೋಯಿತು. ಅಂಥ ಬಾಗಿಲು ಮುಚ್ಚುತ್ತಿರುವಾಗ ಡಬ್ಬಿಯಲ್ಲಿರುವ ಹೆಸರುಗಳ ಬೆಲೆ ಹೆಚ್ಚು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ತೋರಿಸಿದ್ದರು: ಪರಿಚಯದಿಂದ ಕೆಲಸ ಸಿಕ್ಕವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸುಳಿವು ಕೊಟ್ಟವರು ಆಗೊಮ್ಮೆ ಈಗೊಮ್ಮೆ ಭೇಟಿಯಾಗುವ ಪರಿಚಯದವರು, ಆಪ್ತರಲ್ಲ. ಅವರು ಮಾತಾಡಿಸಿದ್ದು ಬಾಸ್ಟನ್ ಬಳಿಯ ಗಂಡಸರನ್ನು, ಹಾಗಾಗಿ ನೋರಾಗೆ ಹೇಳುವಾಗ ಅದನ್ನೂ ಸೇರಿಸಿ ಹೇಳಿದೆ.

ಆ ಹೊತ್ತಿಗೆ ಒಂದು ಮಸಾಲೆ ಕಂಪನಿ ಒಂದು ವಿಡಿಯೊಗೆ 400 ಡಾಲರ್ ಕೊಡುತ್ತೇನೆ ಎಂದಿತ್ತು. ಅದು ಕಡಿಮೆಯೋ ಹೆಚ್ಚೋ ಗೊತ್ತಿರಲಿಲ್ಲ. ಡಬ್ಬಿಯಿಂದ ಅನುಭವಸ್ಥೆಯೊಬ್ಬರ ಕಾರ್ಡು ತೆಗೆದೆವು. ನೋರಾ ಬರೆದ ಮೊದಲ ಸಂದೇಶ ಉದ್ದಕ್ಕೂ ಕ್ಷಮೆ: ತೊಂದರೆ ಕೊಡುತ್ತಿದ್ದೇನೆ, ಬಿಡುವಿಲ್ಲದಿದ್ದರೆ ಬೇಡ, ನೆನಪಿದೆಯೋ ಇಲ್ಲವೋ. ಕೊನೆಗೆ ಉಳಿದದ್ದು ಇಷ್ಟು:

"ಕಳೆದ ಸಮಾವೇಶದಲ್ಲಿ ನಿಮ್ಮ ತಾಯಿಯ ರೆಸಿಪಿ ಬಗ್ಗೆ ಮಾತಾಡಿದ್ದೆವು. ಒಂದು ಬ್ರ್ಯಾಂಡ್ ನನಗೆ ವಿಡಿಯೊಗೆ 400 ಡಾಲರ್ ಹೇಳಿದೆ. ಈ ಬೆಲೆ ಸರಿಯಾ ಅಂತ ತಿಳಿಯಲು ಹದಿನೈದು ನಿಮಿಷ ಫೋನಿನಲ್ಲಿ ಸಿಗುತ್ತೀರಾ?"

ಕಳಿಸುವ ಮುನ್ನ ಬೆರಳು ನಡುಗುತ್ತಿತ್ತು. "ಆ ಹೆಂಗಸರು ಅಧ್ಯಕ್ಷರನ್ನೇ ಕೇಳಿದ್ದರು, ಅಲ್ವಾ?" ಎಂದು ತಾವೇ ಹೇಳಿಕೊಂಡು ಒತ್ತಿದರು.

ಅದೇ ವಾರ ಫೋನ್ ಬಂತು. ಬೆಲೆ ಬಹಳ ಕಡಿಮೆ, ಅದಕ್ಕಿಂತ ಮುಖ್ಯವಾಗಿ ನಿನ್ನ ವಿಡಿಯೊವನ್ನು ಅವರು ತಮ್ಮ ಜಾಹೀರಾತಿನಲ್ಲಿ ಎಷ್ಟು ತಿಂಗಳು ಬಳಸಬಹುದು ಎಂದು ಕರಾರಿನಲ್ಲಿ ನೋಡು ಎಂದರಂತೆ. ಕರಾರಿನಲ್ಲಿ ಅವಧಿಯೇ ಇರಲಿಲ್ಲ. ನೋರಾ ಮೂರು ತಿಂಗಳು ಎಂದು ಬರೆಸಿ, 900 ಡಾಲರಿಗೆ ಒಪ್ಪಿಸಿದರು. ಆಮೇಲೆ ಬರೆದ ಇನ್ನಿಬ್ಬರು ಉತ್ತರ ಕೊಡಲಿಲ್ಲ. ಆ ವಾರ ಮತ್ತೆ ನಿದ್ದೆ ಕೆಟ್ಟಿತು. ಉತ್ತರ ಬಾರದಿದ್ದರೆ ಅವರಿಗೆ ಬಿಡುವಿಲ್ಲ ಎಂದಷ್ಟೇ ಅರ್ಥ ಮಾಡಿಕೊಳ್ಳಿ, ಎರಡು ವಾರ ಬಿಟ್ಟು ಒಂದು ಸಾಲು ಬರೆಯಿರಿ, ಅಲ್ಲಿಗೆ ಬಿಡಿ ಎಂದೆ.

ಗಂಡ ಒಂದು ಭೇಟಿಗೆ ಬಂದಿದ್ದರು. ಜುಲೈನಲ್ಲಿ ನ್ಯೂ ಆರ್ಲಿಯನ್ಸ್‌ಗೆ ಹೋಗುವುದನ್ನು ಇಬ್ಬರೂ ರಜೆಯ ಲೆಕ್ಕಕ್ಕೆ ಬರೆದಿದ್ದಾರೆ, ಉಳಿದ ಪ್ರವಾಸಗಳಿಗೆ ಈ ವರ್ಷ ತಡೆ. ಸಾಲ ಇನ್ನೂ ಇದೆ, ಲಾಭಕ್ಕಾಗಿ ನಡೆಯದ, ಸಾಲದ ಬಗ್ಗೆ ಸಲಹೆ ಕೊಡುವ ಸಂಸ್ಥೆಯೊಂದರ ಸಹಾಯದಿಂದ ತಿಂಗಳಿಗಿಷ್ಟು ಎಂದು ತೀರಿಸುತ್ತಿದ್ದಾರೆ. ಆಫೀಸಿನಲ್ಲಿ ದನಿ ತಗ್ಗಿಸಿ ಕೂರುವ ವಿಷಯ ನಾವಿನ್ನೂ ಮುಟ್ಟಿಲ್ಲ. ಮುಂದಿನ ಭೇಟಿಗೆ ಅದನ್ನೇ ಇಟ್ಟುಕೊಂಡಿದ್ದೇವೆ.