ಪ್ರಸಾದದ ಸಾಲಿನಲ್ಲಿ ಸಂಸದರು

ಪ್ರಿಯ ತಂಗಿ,

ನಿಮ್ಮ ಪತ್ರ ತಲುಪಿತು. ನೀವು ಐರ್ಲೆಂಡಿಗೆ ಬಂದು ಮೂರು ತಿಂಗಳಾಯಿತೆಂದೂ, ಕಳೆದ ಭಾನುವಾರ ಫಾದರ್ ಹುಟ್ಟದ ಮಗುವಿನ ಜೀವದ ಬಗ್ಗೆ ಗಟ್ಟಿಯಾಗಿ ಪ್ರವಚನ ಮಾಡಿದ ಬಳಿಕ, ಗರ್ಭಪಾತದ ಕಾನೂನಿಗೆ ಬಹಿರಂಗವಾಗಿ ಬೆಂಬಲ ಕೊಟ್ಟ ನಿಮ್ಮ ಕ್ಷೇತ್ರದ ಸಂಸದರು ನಿಮ್ಮ ಮುಂದೆಯೇ ಸಾಲಿನಲ್ಲಿ ನಿಂತು ಅದೇ ಫಾದರ್ ಕೈಯಿಂದ ಪರಮ ಪ್ರಸಾದ (ಕಮ್ಯುನಿಯನ್) ಸ್ವೀಕರಿಸಿದರೆಂದೂ ಬರೆದಿದ್ದೀರಿ. ‘ಇದು ಹೇಗೆ ಅಕ್ಕಾ? ಬಿಷಪರು ಏನೂ ಹೇಳುವುದಿಲ್ಲವೇ? ನಮ್ಮಂಥ ನರ್ಸುಗಳು ಇಂಥ ವಿಷಯದಲ್ಲಿ ಮಾತಾಡಬೇಕೇ, ಸುಮ್ಮನಿರಬೇಕೇ?’ ಎಂದು ಕೇಳಿದ್ದೀರಿ. ಜೊತೆಗೆ ಬಾಡಿಗೆ ಮನೆ, ಊರಿಗೆ ಹಣ ಕಳಿಸುವುದು, ಚಳಿಯ ಬಟ್ಟೆ. ಮನೆಯ ಬಗ್ಗೆ ಹೇಳಲು ನನ್ನಲ್ಲಿ ಹೆಚ್ಚೇನಿಲ್ಲ. ಸಿಕ್ಕಿದ ಮನೆಯನ್ನು ಬಿಡಬೇಡಿ. ಹಣದ ವಿಷಯವನ್ನು ನಿಮ್ಮ ವಾರ್ಡಿನ ಮಲಯಾಳಿ ಗೆಳತಿಯರು ನನಗಿಂತ ಚೆನ್ನಾಗಿ ಹೇಳುತ್ತಾರೆ. ಕೋಟಿನ ಮಾತು ಕೊನೆಗೆ ಬರುತ್ತದೆ.

ನಾನು ಬಂದದ್ದು 2003ರ ಫೆಬ್ರವರಿಯಲ್ಲಿ, ದೇಶದ ಪಶ್ಚಿಮದ ಒಂದು ಸಣ್ಣ ಪಟ್ಟಣಕ್ಕೆ. ನಮ್ಮ ಕಡೆಯ ಇಗರ್ಜಿಗಳ (ಚರ್ಚುಗಳ) ರೀತಿ ನಿಮಗೆ ಗೊತ್ತಿದೆ. ಇಗರ್ಜಿಯ ಮುಖ್ಯ ಗುರುಗಳಾದ ವಿಗಾರರು ಮನೆ ಆಶೀರ್ವಾದಕ್ಕೆ ಬರುತ್ತಾರೆಂದರೆ ನನ್ನ ಅಪ್ಪ ಪಂಚೆ ಬದಲಾಯಿಸಿ, ಅಂಗಳದಲ್ಲಿ ಕೈಕಟ್ಟಿ ನಿಂತು ಕಾಯುತ್ತಿದ್ದರು. ಇಲ್ಲಿ ಮೊದಲ ಭಾನುವಾರವೇ, ಪೂಜೆ ಮುಗಿದು ಹೊರಬಂದಾಗ, ಒಬ್ಬ ರೈತ ಮೆಟ್ಟಿಲ ಮೇಲೆ ನಿಂತು ಫಾದರ್ ಜೊತೆ ಏರುದನಿಯಲ್ಲಿ ವಾದಿಸುತ್ತಿದ್ದ. ವಾದ ಮುಗಿದ ಮೇಲೆ ಅವರ ಕಾರಿನ ಹಿಂದಿನ ಸೀಟಿನಲ್ಲಿ ಒಂದು ಚೀಲ ಆಲೂಗಡ್ಡೆ ಇಟ್ಟು ಹೋದ. ಆ ನೋಟ ನನಗೆ ಅರ್ಥವಾಗಲು ಹತ್ತು ವರ್ಷ ಬೇಕಾಯಿತು, ಮತ್ತು ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅದರಲ್ಲೇ ಇದೆ.

ಮೊದಲು ಧರ್ಮಸಭೆಯ, ಅಂದರೆ ಕ್ಯಾಥೊಲಿಕ್ ಚರ್ಚಿನ, ನಿಯಮ. ಊರಿನಲ್ಲಿ ನಾವು ಎಲ್ಲವನ್ನೂ ‘ಬಹಿಷ್ಕಾರ’ ಎಂದುಬಿಡುತ್ತೇವೆ, ಆದರೆ ಇಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ. ಗರ್ಭಪಾತ ಮಾಡಿಸಿದವರು ಆ ಕೃತ್ಯದಿಂದಲೇ ಬಹಿಷ್ಕೃತರಾಗುತ್ತಾರೆ ಎಂಬ ನಿಯಮ ಒಂದು. ಸಂಸತ್ತಿನಲ್ಲಿ ಮತ ಹಾಕಿದವರನ್ನು ಅದು ಹೆಸರಿಸುವುದಿಲ್ಲ. ರಾಜಕಾರಣಿಗಳ ಚರ್ಚೆ ಬರುವುದು ಧರ್ಮಸಭೆಯ ಕಾನೂನು ಸಂಹಿತೆಯ 915ನೇ ನಿಯಮದಲ್ಲಿ: ಎಲ್ಲರಿಗೂ ಕಾಣುವಂಥ ಗಂಭೀರ ಪಾಪದಲ್ಲಿ ಹಟಹಿಡಿದು ಮುಂದುವರಿಯುವವರಿಗೆ ಪರಮ ಪ್ರಸಾದ ಕೊಡಬಾರದು. ಅದರ ಮುಂದಿನ 916ನೇ ನಿಯಮ ಅದೇ ತೀರ್ಪನ್ನು ಸ್ವೀಕರಿಸುವವನ ಆತ್ಮಸಾಕ್ಷಿಗೆ ಬಿಡುತ್ತದೆ. ಬಿಷಪರುಗಳ ನಡುವಿನ ಜಗಳವೆಲ್ಲ ಈ ಎರಡು ನಿಯಮಗಳ ನಡುವಿನ ಸಂದಿಯಲ್ಲಿ ನಡೆಯುತ್ತದೆ. 2004ರಲ್ಲಿ, ಮುಂದೆ ಪೋಪ್ ಬೆನೆಡಿಕ್ಟ್ ಆದ ಕಾರ್ಡಿನಲ್ ರಾಟ್ಸಿಂಗರ್ ಅವರು ಅಮೆರಿಕದ ಬಿಷಪರಿಗೆ ಕಳಿಸಿದ ಟಿಪ್ಪಣಿಯಲ್ಲಿ, ಅಂಥ ರಾಜಕಾರಣಿಯನ್ನು ಮೊದಲು ಕರೆದು ಮಾತಾಡಿ ತಿಳಿಹೇಳಬೇಕು, ಆಮೇಲೂ ಬದಲಾಗದಿದ್ದರೆ ನಿರಾಕರಿಸಬೇಕು ಎಂದಿದ್ದರು. ಅಲ್ಲಿನ ಬಿಷಪರು ಮಾತ್ರ, ಒಬ್ಬೊಬ್ಬರೂ ತಮ್ಮ ಧರ್ಮಪ್ರಾಂತ್ಯದಲ್ಲಿ ತಾವೇ ತೀರ್ಮಾನಿಸಲಿ ಎಂದು ನಿರ್ಧರಿಸಿದರು. ಹಾಗಾಗಿಯೇ 2022ರ ಮೇ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಆರ್ಚ್‌ಬಿಷಪ್ ಕಾರ್ಡಿಲಿಯೋನ್ ಅವರು ಗರ್ಭಪಾತದ ಹಕ್ಕನ್ನು ಬೆಂಬಲಿಸುವ, ಆಗ ಅಮೆರಿಕದ ಸಂಸತ್ತಿನ ಕೆಳಮನೆಯ ಸ್ಪೀಕರ್ ಆಗಿದ್ದ ನ್ಯಾನ್ಸಿ ಪೆಲೋಸಿಗೆ ಪ್ರಸಾದ ಕೊಡಬಾರದೆಂದು ಪ್ರಕಟಿಸಿದರು. ಮರುತಿಂಗಳೇ ಆಕೆ ರೋಮಿನ ಸಂತ ಪೇತ್ರರ ಬಸಿಲಿಕದಲ್ಲಿ, ಪೋಪ್ ಫ್ರಾನ್ಸಿಸ್ ಇದ್ದ ಪೂಜೆಯಲ್ಲಿಯೇ, ಪ್ರಸಾದ ಸ್ವೀಕರಿಸಿದರು. ಅದಕ್ಕೆ ಹಿಂದಿನ ವರ್ಷ ಇದೇ ಪೋಪರು ವಿಮಾನದಲ್ಲಿ ಪತ್ರಕರ್ತರಿಗೆ, ಗರ್ಭಪಾತ ಕೊಲೆಯೇ ಎಂದೂ, ತಾವು ಮಾತ್ರ ಯಾರಿಗೂ ಪ್ರಸಾದ ನಿರಾಕರಿಸಿದ್ದಿಲ್ಲವೆಂದೂ ಒಂದೇ ಉಸಿರಿನಲ್ಲಿ ಹೇಳಿದ್ದರು. ನಿಮ್ಮ ಫಾದರ್ ಮಾಡಿದ್ದೂ ಅದನ್ನೇ. ಅವರಿಗೆ ಧೈರ್ಯ ಸಾಲದೆಂದು ನೀವು ಬರೆದಿದ್ದೀರಿ, ನನಗೆ ಹಾಗನ್ನಿಸುವುದಿಲ್ಲ.

ಅಮೆರಿಕದ ಆ ಜಗಳವನ್ನು ಇಲ್ಲಿಗೆ ತಂದು ನೋಡಬೇಡಿ, ಏಕೆಂದರೆ ಐರ್ಲೆಂಡ್ ಬೇರೆ ದಾರಿಯಲ್ಲಿ ಬಂದ ದೇಶ. 1951ರಲ್ಲಿ ಆರೋಗ್ಯ ಸಚಿವ ನೋಯೆಲ್ ಬ್ರೌನ್ ಅವರು ತಾಯಿ ಮತ್ತು ಮಕ್ಕಳಿಗೆ ಉಚಿತ ಚಿಕಿತ್ಸೆ ಕೊಡುವ ಯೋಜನೆ ತಂದಾಗ ಬಿಷಪರು ವಿರೋಧಿಸಿದರು, ಸಚಿವರು ರಾಜೀನಾಮೆ ಕೊಡಬೇಕಾಯಿತು, ಪ್ರಧಾನಿ ಕಾಸ್ಟೆಲೋ ಸಂಸತ್ತಿನಲ್ಲಿಯೇ ತಾನು ಮೊದಲು ಕ್ಯಾಥೊಲಿಕ್, ಐರಿಷ್ ಎರಡನೆಯದು ಎಂದರು. 1983ರಲ್ಲಿ ಹುಟ್ಟದ ಮಗುವಿನ ಜೀವದ ಹಕ್ಕನ್ನು ತಾಯಿಯ ಜೀವದ ಹಕ್ಕಿಗೆ ಸಮನೆಂದು ಸಂವಿಧಾನದ ಎಂಟನೆಯ ತಿದ್ದುಪಡಿಯಲ್ಲಿ ಬರೆದಾಗ ಮತ ಹಾಕಿದವರಲ್ಲಿ ಶೇ. 66.9 ಮಂದಿ ಒಪ್ಪಿದ್ದರು. 1992ರಲ್ಲಿ, ತಾಯಿಯ ಜೀವಕ್ಕೆ ನಿಜವಾದ ಅಪಾಯವಿದ್ದರೆ ಗರ್ಭಪಾತ ಮಾಡಬಹುದೆಂದು ಸುಪ್ರೀಂ ಕೋರ್ಟ್ ಹೇಳಿತು. ಆದರೆ ಯಾವಾಗ, ಯಾರು ನಿರ್ಧರಿಸಬೇಕು ಎಂದು ಹೇಳುವ ಒಂದು ಕಾನೂನನ್ನು ಮುಂದಿನ 20 ವರ್ಷ ಯಾವ ಸರಕಾರವೂ ಜಾರಿಗೆ ತರಲಿಲ್ಲ. ಬಿಷಪರನ್ನು ಎದುರುಹಾಕಿಕೊಳ್ಳುವ ಮನಸ್ಸು ಯಾರಿಗೂ ಇರಲಿಲ್ಲ. ಆ ಸುಮ್ಮನಿರುವಿಕೆಯ ಬೆಲೆಯನ್ನು ಯಾರು ತೆತ್ತರೆಂದು ಕರ್ನಾಟಕದಲ್ಲಿ ಹುಟ್ಟಿದ ನಿಮಗೆ ನಾನು ಹೇಳಬೇಕಾಗಿಲ್ಲವಾದರೂ, 2012ರಲ್ಲಿ ನೀವಿನ್ನೂ ಶಾಲೆಯಲ್ಲಿದ್ದಿರಬೇಕು, ಆದ್ದರಿಂದ ಹೇಳುತ್ತೇನೆ.

ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ, 31 ವರ್ಷ, 17 ವಾರಗಳ ಗರ್ಭಿಣಿ, 2012ರ ಅಕ್ಟೋಬರ್ 21ರಂದು ಗಾಲ್ವೆಯ ಆಸ್ಪತ್ರೆಗೆ ಬಂದರು. ಗರ್ಭ ಉಳಿಯುವುದಿಲ್ಲವೆಂಬುದು ಖಚಿತವಾಗಿತ್ತು. ಅದನ್ನು ತೆಗೆಯಿರಿ ಎಂದು ಕೇಳಿಕೊಂಡರೂ, ಮಗುವಿನ ಎದೆಬಡಿತ ಇನ್ನೂ ಇದೆಯೆಂದು ಮಾಡಲಿಲ್ಲ. ನಂಜು ರಕ್ತಕ್ಕೇರಿ 28ರಂದು ಅವರು ತೀರಿಕೊಂಡರು. ‘ಇದು ಕ್ಯಾಥೊಲಿಕ್ ದೇಶ’ ಎಂಬ ಮಾತು ಅಲ್ಲಿ ಆಡಲಾಗಿತ್ತೆಂಬುದು ಮುಂದಿನ ಏಪ್ರಿಲಿನ ವಿಚಾರಣೆಯಲ್ಲಿ ದೃಢವಾಯಿತು. ನಂಜಿನ ಲಕ್ಷಣಗಳನ್ನು ಸಮಯಕ್ಕೆ ಗುರುತಿಸದ ತಪ್ಪುಗಳೂ ಇದ್ದವು. ಅದೊಂದನ್ನು ನರ್ಸಾಗಿ ನೀವು ಮರೆಯಬೇಡಿ.

ಸುದ್ದಿ ಪತ್ರಿಕೆಯಲ್ಲಿ ಬಂದದ್ದು ನವೆಂಬರ್ 14ರಂದು. ಆ ಭಾನುವಾರ ಪೂಜೆಯ ಬಳಿಕ ಇಗರ್ಜಿಯ ಸಭಾಂಗಣದಲ್ಲಿ ಚಹಾ ಇತ್ತು. ನನ್ನ ಪಕ್ಕದ ಮನೆಯ ಅಜ್ಜಿ ನನ್ನ ಬಳಿಗೆ ಬಂದರು. 2003ರ ಚಳಿಗೆ ತಮ್ಮ ಉಣ್ಣೆಯ ಕೋಟನ್ನು ತಾವಾಗಿಯೇ ತಂದುಕೊಟ್ಟು, ಒಲೆಗೆ ಪೀಟ್ (ಇಲ್ಲಿ ಉರುವಲಾಗಿ ಬಳಸುವ ಜೌಗು ಮಣ್ಣಿನ ಗಡ್ಡೆ) ಹೊತ್ತಿಸುವುದನ್ನು ಕಲಿಸಿದವರು ಅವರೇ. ‘ಆ ಹುಡುಗಿ ನಿಮ್ಮ ಕಡೆಯವಳಲ್ಲವೇ?’ ಎಂದು ಕೇಳಿದರು. ಸುತ್ತ ಹತ್ತಾರು ಜನ ಕಪ್ಪು ಹಿಡಿದು ನಿಂತಿದ್ದರು, ಫಾದರ್ ಕೂಡ ಎರಡು ಮಾರು ದೂರದಲ್ಲಿದ್ದರು, ಮತ್ತು ಆ ವಾರವಿಡೀ ಇಗರ್ಜಿಯ ಬಗ್ಗೆ ಟೀವಿಯಲ್ಲಿ ಬಂದ ಬೈಗುಳ ಎಲ್ಲರ ಮುಖದ ಮೇಲೂ ಇತ್ತು. ನಾನು, ‘ಇಲ್ಲ, ಅದು ನಮ್ಮಿಂದ 300 ಕಿಲೋಮೀಟರಿಗೂ ದೂರದ ಊರು, ಅವರು ಹಿಂದೂಗಳು, ನಾವು ಮಂಗಳೂರಿನ ಕ್ಯಾಥೊಲಿಕರು’ ಎಂದೆ. ಒಂದೊಂದು ಪದವೂ ನಿಜ. ಅಜ್ಜಿ ಕೈಚೀಲದಿಂದ ಒಂದು ಲಕೋಟೆ ತೆಗೆದರು. ಇಲ್ಲಿ ನವೆಂಬರಿನಲ್ಲಿ ಮನೆಯ ಮೃತರ ಹೆಸರುಗಳನ್ನು ಬರೆದು ಪೀಠದ ಮೇಲೆ ಇಡುವ ಪದ್ಧತಿಯನ್ನು ನೀವೂ ನೋಡಿರುತ್ತೀರಿ. ಆ ಹೆಸರನ್ನು ಹೇಗೆ ಹೇಳುವುದು, ಟೀವಿಯವರು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ, ತಪ್ಪಾಗಿ ಓದಿಸಬಾರದೆಂದು ನಿನ್ನನ್ನು ಕೇಳೋಣವೆಂದುಕೊಂಡೆ ಎಂದರು. ಅದು ಉತ್ತರದವರ ಹೆಸರು, ನನಗೂ ಸರಿಯಾಗಿ ಬಾರದು ಎಂದುಬಿಟ್ಟೆ.

ಹೈಸ್ಕೂಲಿನಲ್ಲಿ ನನಗೆ ಹಳಗನ್ನಡ ಕಲಿಸಿದ ಮೇಷ್ಟ್ರು ಧಾರವಾಡದ ಕಡೆಯವರು, ಅವರ ಹೆಸರೂ ‘ನವರ’ ಎಂದೇ ಮುಗಿಯುತ್ತಿತ್ತು. ಆ ಸಭಾಂಗಣದಲ್ಲಿ, ಬಹುಶಃ ಆ ಇಡೀ ಪಟ್ಟಣದಲ್ಲಿ, ಆ ಹೆಸರನ್ನು ತಪ್ಪಿಲ್ಲದೆ ಹೇಳಬಲ್ಲವಳು ನಾನೊಬ್ಬಳೇ ಇದ್ದೆ. ಸವಿತಾ ಎಂಬ ಮೂರಕ್ಷರವನ್ನಾದರೂ ಹೇಳಿಕೊಡಬಹುದಿತ್ತು. ಯಾರೂ ನನ್ನನ್ನು ಗದರಿಸಿರಲಿಲ್ಲ, ಯಾವ ಬಿಷಪರೂ ಬಾಯಿ ಮುಚ್ಚಿಸಿರಲಿಲ್ಲ. ಅದರ ಮರುದಿನವೇ ಬಿಷಪರು ಹೇಳಿಕೆ ಹೊರಡಿಸಿ, ತಾಯಿಯ ಜೀವಕ್ಕಿಂತ ಗರ್ಭದ ಮಗುವಿನ ಜೀವವೇ ಮೇಲೆಂದು ಧರ್ಮಸಭೆ ಎಂದೂ ಬೋಧಿಸಿಲ್ಲ ಎಂದರು. ಮಾತಾಡಿದ್ದರೆ ನನಗೆ ಆಗಬಹುದಾಗಿದ್ದ ಕೇಡು ಏನೆಂದು ಇಷ್ಟು ವರ್ಷ ಹುಡುಕಿದರೂ ನನಗೆ ಸಿಕ್ಕಿಲ್ಲ.

ಮರುವರ್ಷ ಪ್ರಧಾನಿ ಎಂಡಾ ಕೆನ್ನಿ, ನಮ್ಮ ಪಕ್ಕದ ಮೇಯೋ ಕೌಂಟಿಯವರು, ಭಾನುವಾರ ತಪ್ಪದ ಕ್ಯಾಥೊಲಿಕರು, ತಾಯಿಯ ಜೀವ ಉಳಿಸಲು ಮಾತ್ರ ಅನುಮತಿ ಕೊಡುವ ಮಸೂದೆ ತಂದರು. ತಾನು ಕ್ಯಾಥೊಲಿಕನೂ ಆಗಿರುವ ಪ್ರಧಾನಿಯೇ ಹೊರತು ಕ್ಯಾಥೊಲಿಕ್ ಪ್ರಧಾನಿಯಲ್ಲ ಎಂದು ಅವರು ಸಂಸತ್ತಿನಲ್ಲಿ ಹೇಳಿದಾಗ, ಕಾಸ್ಟೆಲೋ ಮಾತಿಗೆ 62 ವರ್ಷಗಳ ಬಳಿಕ ಉತ್ತರ ಬಂದಂತಾಯಿತು. ರಕ್ತದಲ್ಲಿ ಬರೆದ ಪತ್ರಗಳು ಬರುತ್ತಿವೆ ಎಂದೂ ಅವರೇ ಹೇಳಿದರು. ಆ ಮೇ ತಿಂಗಳಲ್ಲಿ ಬಾಸ್ಟನ್ ಕಾಲೇಜು ಅವರಿಗೆ ಗೌರವ ಪದವಿ ಕೊಟ್ಟಾಗ, ಅಲ್ಲಿನ ಕಾರ್ಡಿನಲ್ ಓ’ಮ್ಯಾಲಿ ಸಮಾರಂಭಕ್ಕೇ ಹೋಗಲಿಲ್ಲ. ಇಲ್ಲಿನ ಬಿಷಪರು ಮಸೂದೆಯನ್ನು ಕಟುವಾಗಿ ವಿರೋಧಿಸಿದರು. ಆದರೆ ಹೆಸರು ಹಿಡಿದು ಒಬ್ಬ ಸಂಸದರನ್ನು ಪ್ರಸಾದದ ಸಾಲಿನಿಂದ ಹೊರಗೆ ಕಳಿಸಿದ್ದನ್ನು ನಾನು ಕಂಡಿಲ್ಲ. ಹಾಗೆಂದು ರಾಜಕಾರಣಿಗಳೆಲ್ಲ ಆತ್ಮಸಾಕ್ಷಿಯ ಮೂರ್ತಿಗಳೆಂದು ತಿಳಿಯಬೇಡಿ. ಮಸೂದೆಗೆ ವಿರುದ್ಧವಾಗಿ ಮತ ಹಾಕಿದ ಸಚಿವೆ ಲುಸಿಂಡಾ ಕ್ರೈಟನ್ ಅವರನ್ನು ಕೆನ್ನಿಯವರ ಪಕ್ಷವೇ ಸಂಸದೀಯ ಗುಂಪಿನಿಂದ ಹೊರಹಾಕಿತು. ಬಹಿಷ್ಕಾರ ಹಾಕುವುದರಲ್ಲಿ ಪಕ್ಷಗಳು ಧರ್ಮಸಭೆಗಿಂತ ಬಹಳ ಚುರುಕು. ‘ವೈಯಕ್ತಿಕವಾಗಿ ನಾನು ವಿರೋಧಿ, ಆದರೆ’ ಎಂದು ಶುರುಮಾಡುವ ಮಾತನ್ನೂ ನಾನು ಇಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಕೆಲವರ ಬಾಯಲ್ಲಿ ಅದಕ್ಕೆ ತೂಕವಿರುತ್ತದೆ, ಕೆಲವರ ಬಾಯಲ್ಲಿ ಅದು ಎರಡೂ ದೋಣಿಯಲ್ಲಿ ಕಾಲಿಡುವ ಉಪಾಯ.

2018ರಲ್ಲಿ ಎಂಟನೆಯ ತಿದ್ದುಪಡಿಯನ್ನೇ ತೆಗೆಯುವ ಜನಮತ ಬಂದಾಗ ನಾನು ಇಲ್ಲಿನ ಪ್ರಜೆಯಾಗಿದ್ದೆ. ವಿರೋಧ ಪಕ್ಷದ ನಾಯಕ ಮೀಹಾಲ್ ಮಾರ್ಟಿನ್ ಅವರು ತಮ್ಮ ಪಕ್ಷದ ಹೆಚ್ಚಿನ ಸಂಸದರ ಮನಸ್ಸಿಗೆ ವಿರುದ್ಧವಾಗಿ ತೆಗೆಯುವುದನ್ನು ಬೆಂಬಲಿಸಿದ್ದರು. ಬೆಳಗಾವಿಯಿಂದ ಸವಿತಾ ಅವರ ತಂದೆ, ಹೌದೆಂದು ಮತ ಹಾಕಿ ಎಂದು ಇಲ್ಲಿನ ಜನರನ್ನು ಕೇಳಿಕೊಂಡಿದ್ದರು. ನಮ್ಮ ಟೀಡಿ (ಇಲ್ಲಿ ಸಂಸದರನ್ನು ಹೀಗೆ ಕರೆಯುತ್ತಾರೆ) ಮನೆಮನೆಗೆ ಬಂದಾಗ ಅಜ್ಜಿ ಅವರನ್ನು ಬಾಗಿಲಲ್ಲಿ ಅರ್ಧ ಗಂಟೆ ನಿಲ್ಲಿಸಿಕೊಂಡು, ನಿನಗೆ ಜ್ಞಾನಸ್ನಾನವಾದಾಗ ನಾನು ಇಗರ್ಜಿಯಲ್ಲಿದ್ದೆ ಎಂದು ಬೈದರು. ಬಳಿಕ ಒಳಗೆ ಕರೆದು ಚಹಾ ಕೊಟ್ಟರು. ಆಲೂಗಡ್ಡೆಯ ಚೀಲ ನನಗೆ ಆ ದಿನ ನೆನಪಾಯಿತು. ಅಜ್ಜಿ ಬೇಡವೆಂದೇ ಮತ ಹಾಕಿದರು, ಅದನ್ನು ಯಾರಿಂದಲೂ ಮುಚ್ಚಿಡಲಿಲ್ಲ. ಅಂಥವರೇ ಸವಿತಾಳ ಹೆಸರನ್ನು ತಮಗೆ ತೋಚಿದ ಕಾಗುಣಿತದಲ್ಲಿ ಬರೆದು ಪ್ರತಿ ನವೆಂಬರ್ ಲಕೋಟೆಗೆ ಹಾಕುತ್ತಿದ್ದರು. ಶೇ. 66.4 ಮಂದಿ ಹೌದೆಂದರು, ತಿದ್ದುಪಡಿ ಹೋಯಿತು. ಎಲ್ಫಿನ್ ಧರ್ಮಪ್ರಾಂತ್ಯದ ಬಿಷಪ್ ಕೆವಿನ್ ಡೋರನ್ ಅವರು, ಫಲ ತಿಳಿದೂ ಬಯಸಿಯೂ ಹೌದೆಂದ ಕ್ಯಾಥೊಲಿಕರು ಪಾಪನಿವೇದನೆಗೆ ಬರುವುದನ್ನು ಯೋಚಿಸಲಿ ಎಂದಾಗ ಗದ್ದಲವಾಯಿತು. ನನಗೆ ಅದರಲ್ಲಿ ಕಂಡದ್ದು ಬಾಗಿಲು ಮುಚ್ಚುವ ಮಾತಲ್ಲ, ಕರೆಯುವ ಮಾತು. ಹಾಗೆ ಕೇಳಿಸದವರೂ ಬಹಳ ಮಂದಿ. ನಾನು ಹೇಗೆ ಮತ ಹಾಕಿದೆನೆಂದು ನೀವು ಕೇಳಿಲ್ಲ. ಎದುರು ಸಿಕ್ಕಾಗ ಕೇಳಿ, ಹೇಳುತ್ತೇನೆ.

ನಿಮ್ಮ ಕೆಲಸದ ವಿಷಯ. 2018ರ ಕಾನೂನಿನ 22ನೇ ವಿಧಿಯ ಪ್ರಕಾರ ಗರ್ಭಪಾತದಲ್ಲಿ ಭಾಗವಹಿಸಲು ಆತ್ಮಸಾಕ್ಷಿ ಒಪ್ಪದ ನರ್ಸನ್ನು ಬಲವಂತ ಮಾಡುವಂತಿಲ್ಲ, ಆದರೆ ತಾಯಿಯ ಜೀವಕ್ಕೆ ತುರ್ತು ಅಪಾಯವಿದ್ದರೆ, ಅಥವಾ ಅವಳ ಆರೋಗ್ಯಕ್ಕೆ ಗಂಭೀರ ಹಾನಿಯಾಗುವ ತುರ್ತು ಅಪಾಯವಿದ್ದರೆ, ಆ ರಿಯಾಯಿತಿ ಇಲ್ಲ. ನಿಮ್ಮ ನಿಲುವು ಏನೇ ಇದ್ದರೂ ಪಾಳಿ ಶುರುವಾಗುವ ಮೊದಲೇ ಮೇಲಿನವರಿಗೆ ಬರೆದು ತಿಳಿಸಿ. ರೋಗಿಯ ಹಾಸಿಗೆಯ ಪಕ್ಕ ನಿಂತು ಅದನ್ನು ನಿರ್ಧರಿಸಬೇಡಿ. ಆಸ್ಪತ್ರೆಯ ಗೇಟಿನ ಹೊರಗೆ ಜಪಸರ ಹೇಳಲು ಯಾರಾದರೂ ಕರೆದರೆ, 2024ರಲ್ಲಿ ಜಾರಿಗೆ ಬಂದ ಕಾನೂನು 100 ಮೀಟರಿನೊಳಗೆ ಅಂಥ ಪ್ರತಿಭಟನೆಯನ್ನು ತಡೆಯುತ್ತದೆ ಎಂಬುದು ತಿಳಿದಿರಲಿ. ನಿಮ್ಮ ಸಂಸದರ ಬಗ್ಗೆ ಬೇಸರವಿದ್ದರೆ ಅವರನ್ನೇ ಮೆಟ್ಟಿಲ ಮೇಲೆ ನಿಲ್ಲಿಸಿ ಕೇಳಿ. ಅವರು ಅದಕ್ಕೆ ಒಗ್ಗಿಹೋದವರು, ನಿಮ್ಮ ವೀಸಾಕ್ಕೆ ಏನೂ ಆಗುವುದಿಲ್ಲ.

ಅಜ್ಜಿ ತೀರಿಕೊಂಡು ಕೆಲವು ವರ್ಷಗಳಾದವು. ಅವರ ಲಕೋಟೆಯ ಕೆಲಸ ಈಗ ನನ್ನದು, ಮತ್ತು ಫಾದರ್‌ಗೆ ಆ ಒಂದು ಹೆಸರನ್ನು ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿಕೊಡುತ್ತೇನೆ. ಈ ವರ್ಷ ನವೆಂಬರ್ ಮೊದಲ ಭಾನುವಾರ ನಿಮಗೆ ರಜೆಯಿದ್ದರೆ ಬಸ್ಸು ಹತ್ತಿ ಬನ್ನಿ. ಅಜ್ಜಿಯ ಕೋಟು ಇನ್ನೂ ಗಟ್ಟಿಯಾಗಿದೆ, ತೋಳು ಸ್ವಲ್ಪ ಉದ್ದ, ಮಡಚಿ ಹೊಲಿದರೆ ನಿಮಗೆ ಆದೀತು.