ಹಳೇ ಟೋಪಿ ನನಗೆ ಪ್ರಾಣ, ಗಂಡನಿಗೆ ಮುಜುಗರ

ಪ್ರಶ್ನೆ: ನನಗೆ 36 ವರ್ಷ, ಹಾಸನದ ಕಡೆಯವಳು. ಗಂಡ ಮತ್ತು ಆರು ವರ್ಷದ ಮಗಳ ಜೊತೆ ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿದ್ದೇನೆ. ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಇಲ್ಲಿಗೆ ಬಂದ ಮೇಲೆ ನನಗೆ ಹಳೇ ಕಾಲದ ಹೆಂಗಸರ ಟೋಪಿಗಳ ಹುಚ್ಚು ಹಿಡಿದಿದೆ. ಜನ ದಾನ ಕೊಟ್ಟ ಹಳೇ ಸಾಮಾನು ಮಾರುವ ಚಾರಿಟಿ ಅಂಗಡಿ, ವಿಂಟೇಜ್ ಮೇಳ ಅಂತ ಸುತ್ತಿ 22 ಟೋಪಿ ಸೇರಿಸಿದ್ದೇನೆ. ಹಾಕಿಕೊಂಡು ಆಫೀಸಿಗೂ ಹೋಗುತ್ತೇನೆ. ಮೊದಲೆರಡು ವರ್ಷ ಬಸ್ ಸ್ಟಾಪಿನಲ್ಲಿ ಯಾರೂ ನನ್ನನ್ನು ಮಾತಾಡಿಸಿರಲಿಲ್ಲ. ಈಗ ಅಜ್ಜಿಯರು ತಾವಾಗಿ ಬಂದು, ‘ನಮ್ಮಮ್ಮನ ಹತ್ರ ಇಂಥದ್ದೇ ಇತ್ತು’ ಅಂತ ಮಾತು ಶುರು ಮಾಡುತ್ತಾರೆ. ಗಂಡ ಮಾತ್ರ ನಾನು ಟೋಪಿ ಹಾಕಿದ ದಿನ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಾರೆ. ‘ಎಲ್ರೂ ನಮ್ಮನ್ನೇ ನೋಡ್ತಾರೆ, ಬೇಕಾ ಇದು?’ ಅನ್ನುತ್ತಾರೆ. ಮುಂದಿನ ತಿಂಗಳು ಅತ್ತೆ ಬರುತ್ತಿದ್ದಾರೆ, ಆರು ತಿಂಗಳು ಇರುತ್ತಾರೆ. ಅವರಿಗೆಂದು ಇಟ್ಟ ಕೋಣೆಯಲ್ಲೇ ಟೋಪಿಗಳಿವೆ. ವಿಡಿಯೊ ಕಾಲ್‌ನಲ್ಲಿ ನೋಡಿ, ‘ಯಾರೋ ಸತ್ತವರದ್ದು, ಮನೆಗೆ ಯಾಕಮ್ಮ ತರ್ತೀಯ’ ಅಂದರು. ಇನ್ನೊಂದು ವಿಷಯ. 1940ರ ದಶಕದ ಒಂದು ಮರೂನ್ ಫೆಲ್ಟ್ (ಉಣ್ಣೆ ಅಥವಾ ತುಪ್ಪಳವನ್ನು ಒತ್ತಿ ಮಾಡಿದ ಬಟ್ಟೆ) ಟೋಪಿಗೆ 110 ಪೌಂಡ್ ಕೊಟ್ಟು, ಗಂಡನಿಗೆ 15 ಅಂತ ಹೇಳಿದ್ದೇನೆ. ಮನೆ ಕೊಳ್ಳಲು ದುಡ್ಡು ಕೂಡಿಡುತ್ತಿದ್ದೇವೆ. ಎಲ್ಲ ಮಾರಿಬಿಡಲೇ? ಯುಗಾದಿ ಕೂಟಕ್ಕೆ ಸೀರೆ ಜೊತೆ ಟೋಪಿ ಹಾಕುವ ಆಸೆಯೂ ಇದೆ. ಬಿಳಿ ಗರಿ ಇರುವ ಒಂದನ್ನು ಊರಲ್ಲಿರುವ ತಂಗಿಗೆ ಕಳಿಸೋಣ ಅಂತಲೂ ಇದೆ.
– ಹೆಸರು ಬೇಡ

ಉತ್ತರ: ಮಾರಬೇಡಿ. ಈಗ ಬೇಸರದಲ್ಲಿ ಎಲ್ಲ ಮಾರಿದರೆ, ಆರು ತಿಂಗಳಾದ ಮೇಲೆ ಗಂಡನ ಮೇಲಿನ ಸಿಟ್ಟೊಂದೇ ಉಳಿಯುತ್ತದೆ. ಅದು ಟೋಪಿಗಿಂತ ಜಾಸ್ತಿ ಜಾಗ ಹಿಡಿಯುತ್ತದೆ.

ಮೊದಲು ಆ 110 ಪೌಂಡಿನ ಮಾತು. ಅತ್ತೆ ಬರುವ ಮುಂಚೆಯೇ ಗಂಡನಿಗೆ ಹೇಳಿಬಿಡಿ. ಅವರು ಬಂದ ಮೇಲೆ ಹೇಗೋ ಹೊರಬಿದ್ದರೆ, ನಿಮ್ಮಿಬ್ಬರಲ್ಲೇ ಮುಗಿಯಬೇಕಾದ ಮಾತು ತಾಯಿ–ಮಗನ ಮಾತಾಗುತ್ತದೆ. ಮಗಳು ಮಲಗಿದ ಮೇಲೆ ಕೂತು ಹೇಳಿ. ಟೋಪಿ ತಂದದ್ದಕ್ಕೆ ಕ್ಷಮೆ ಕೇಳಬೇಕಿಲ್ಲ, ನಿಮ್ಮ ದುಡಿಮೆಯ ದುಡ್ಡು ಅದು. ಬೆಲೆ ಸುಳ್ಳು ಹೇಳಿದ್ದಕ್ಕೆ ಕೇಳಿ. ಬೇರೆ ಟೋಪಿಗಳ ಬೆಲೆಯಲ್ಲೂ ಹಾಗೇ ಮಾಡಿದ್ದರೆ ಅದನ್ನೂ ಆವತ್ತೇ ಹೇಳಿ, ಕಂತಿನಲ್ಲಿ ಬೇಡ. ಆಮೇಲೆ ತಿಂಗಳಿಗೆ ಇಂತಿಷ್ಟು ಅಂತ ಇಬ್ಬರಿಗೂ ಸಮನಾಗಿ ಕೈಖರ್ಚು ಗೊತ್ತುಮಾಡಿಕೊಳ್ಳಿ. ಅದರಲ್ಲಿ ನೀವು ಟೋಪಿ ತಂದರೂ ಅವರು ಕ್ರಿಕೆಟ್ ಬ್ಯಾಟ್ ತಂದರೂ ಒಬ್ಬರನ್ನೊಬ್ಬರು ಕೇಳುವ ಹಾಗಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ಆ ನಾಲ್ಕು ಹೆಜ್ಜೆ. ಹೆಂಡತಿಯನ್ನು ಹಿಂದೆ ಬಿಟ್ಟು ನಡೆಯುವುದು ತಪ್ಪು, ಇದನ್ನು ನೀವು ಅವರಿಗೆ ನೇರವಾಗಿ ಹೇಳಲೇಬೇಕು. ಆದರೆ ಅವರ ಮಾತನ್ನು ಇನ್ನೊಂದು ಸಲ ಓದಿ. ಟೋಪಿ ಕೆಟ್ಟದಾಗಿದೆ, ನಿನಗೆ ಒಪ್ಪಲ್ಲ ಅಂತ ಅವರು ಎಲ್ಲೂ ಅಂದಿಲ್ಲ. ‘ಎಲ್ರೂ ನಮ್ಮನ್ನೇ ನೋಡ್ತಾರೆ’ ಅಂದಿದ್ದಾರೆ. ಪರದೇಶದಲ್ಲಿ ನಮ್ಮವರು ಎಷ್ಟೋ ಜನ ಯಾರ ಕಣ್ಣಿಗೂ ಬೀಳದೆ, ಆಫೀಸಿಂದ ಮನೆ, ಮನೆಯಿಂದ ಆಫೀಸು ಅಂತ ಇದ್ದುಬಿಡುತ್ತಾರೆ. ಅವರಿಗೆ ಅದರಲ್ಲಿ ಒಂದು ಧೈರ್ಯ. ಯಾರೂ ಮಾತಾಡಿಸದ ಊರಲ್ಲಿ ನೀವು ಎದ್ದು ಕಾಣುವ ದಾರಿ ಹಿಡಿದಿರಿ, ನಿಮ್ಮವರು ಕಾಣದೇ ಇರುವ ದಾರಿ ಹಿಡಿದರು. ಒಂಟಿತನ ಇಬ್ಬರದೂ ಒಂದೇ ಅನ್ನಿಸುತ್ತದೆ ನನಗೆ. ಅವರಿಗೆ ರಸ್ತೆಯಲ್ಲೋ ರೈಲಿನಲ್ಲೋ ಯಾರಾದರೂ ಏನಾದರೂ ಅಂದಿದ್ದರಾ? ಯಾವತ್ತಾದರೂ ಕೇಳಿದ್ದೀರಾ? ಗಂಡಸರು ಇಂಥದ್ದನ್ನು ಮನೆಗೆ ಬಂದು ಹೇಳುವುದು ಕಡಿಮೆ. ಟೋಪಿಯ ಮಾತು ತೆಗೆಯದೆ, ಅದೊಂದನ್ನೇ ಕೇಳಿ ನೋಡಿ.

ಅವರು ಮಾತಾಡಿದರೆ, ಮುಂದಿನ ಬಿಡುವಿನ ದಿನ ಹ್ಯಾಟ್ ವರ್ಕ್ಸ್‌ಗೆ ಕರೆದುಕೊಂಡು ಹೋಗಿ. ಅದು ನಿಮ್ಮೂರಲ್ಲೇ ಇರುವ ಟೋಪಿಯ ಮ್ಯೂಸಿಯಂ. ಅದಿರುವ ವೆಲಿಂಗ್ಟನ್ ಮಿಲ್ ಮೊದಲು ಹತ್ತಿ ಗಿರಣಿ, ಆಮೇಲೆ ಟೋಪಿ ಕಾರ್ಖಾನೆ. 19ನೇ ಶತಮಾನದ ಕೊನೆಯ ಹೊತ್ತಿಗೆ ಸ್ಟಾಕ್‌ಪೋರ್ಟ್ ವರ್ಷಕ್ಕೆ 60 ಲಕ್ಷಕ್ಕೂ ಹೆಚ್ಚು ಟೋಪಿ ಹೊರಗೆ ಕಳಿಸುತ್ತಿತ್ತು. ಊರಿನ ಕೊನೆಯ ದೊಡ್ಡ ಕಾರ್ಖಾನೆ ಬಾಗಿಲು ಹಾಕಿದ್ದು 1997ರಲ್ಲಿ. ಅಂದರೆ ಬಸ್ ಸ್ಟಾಪಿನಲ್ಲಿ ನಿಮ್ಮನ್ನು ಮಾತಾಡಿಸುವ ಅಜ್ಜಿಯರ ಪೈಕಿ ಕೆಲವರ ಅಮ್ಮಂದಿರು ಅಲ್ಲೇ ದುಡಿದಿರಬಹುದು, ಕೆಲವರು ತಾವೇ ದುಡಿದಿರಬಹುದು. ನಿಮ್ಮ ಮರೂನ್ ಟೋಪಿಯ ಕಾಲವೂ ಸಣ್ಣದಲ್ಲ. ಯುದ್ಧದ ಹೊತ್ತಿಗೆ, 1941ರ ಜೂನ್‌ನಲ್ಲಿ, ಬ್ರಿಟನ್‌ನಲ್ಲಿ ಬಟ್ಟೆಗೆ ರೇಷನ್ ಬಂತು. ಕೋಟಿಗೆ, ಲಂಗಕ್ಕೆ, ಕಾಲುಚೀಲಕ್ಕೂ ಕೂಪನ್ ಕೊಡಬೇಕು. ಟೋಪಿಗೆ ಮಾತ್ರ ಕೂಪನ್ ಬೇಕಿರಲಿಲ್ಲ. ಅದೇ ಹಳೇ ಕೋಟು ತೊಟ್ಟು, ಟೋಪಿಯೊಂದನ್ನು ಹೊಸದಾಗಿ ಇಟ್ಟುಕೊಂಡು ಹೊರಟ ಹೆಣ್ಣುಮಕ್ಕಳು ಇದ್ದರು. ಇದು ನಿಮ್ಮವರಿಗೆ ಗೊತ್ತಾಗಲಿ. ಜನ ನೋಡುವುದು ಪರದೇಶಿ ಹೆಂಗಸನ್ನು ಅಂತ ಅವರು ಅಂದುಕೊಂಡಿದ್ದಾರೆ. ಆ ಅಜ್ಜಿಯರಿಗೆ ಕಾಣುವುದು ಅವರ ಸ್ವಂತ ಊರು.

ಅತ್ತೆಯ ವಿಷಯಕ್ಕೆ ಬರೋಣ. ಅವರ ಮಾತನ್ನು ಮೂಢನಂಬಿಕೆ ಅಂತ ತಳ್ಳಿಹಾಕಬೇಡಿ. ಅಜ್ಜಿಯ ರೇಷ್ಮೆ ಸೀರೆ, ಮುತ್ತಜ್ಜಿಯ ಓಲೆ ನಾವೂ ಹಾಕುತ್ತೇವೆ, ನಿಜ. ಆದರೆ ಅದು ಯಾರದ್ದು ಅಂತ ಗೊತ್ತು, ಅವರೇ ಕೊಟ್ಟು ಹೋದದ್ದು. ಇದು ಯಾರದ್ದೋ, ಹೇಗೆ ಸತ್ತರೋ ಅನ್ನುವುದು ಅವರ ಅಳುಕು. ಹಾಗಾಗಿ ಅವರ ಕೋಣೆಯಿಂದ ಟೋಪಿಗಳನ್ನು ಈ ವಾರವೇ ತೆಗೆಯಿರಿ. 22 ಟೋಪಿಗಳ ನಡುವೆ ಆರು ತಿಂಗಳು ಮಲಗಿ ಅಂತ ವಯಸ್ಸಾದ ಹೆಂಗಸಿಗೆ ಹೇಳುವುದು ಸರಿಯಲ್ಲ. ನಿಮ್ಮ ಬೀರುವಿನ ಮೇಲೆ ಡಬ್ಬಗಳಲ್ಲಿಡಿ. ಅಂಚು ಅಗಲವಿರುವುದನ್ನು ತಲೆಕೆಳಗಾಗಿ, ನೆತ್ತಿ ತಳಕ್ಕೆ ತಾಗುವಂತೆ ಇಟ್ಟರೆ ಅಂಚು ಸೊಟ್ಟಗಾಗುವುದಿಲ್ಲ. ಅಟ್ಟಕ್ಕೆ ಹಾಕಬೇಡಿ, ಅಲ್ಲಿನ ಸೆಕೆ–ತೇವ ಎರಡೂ ಕೆಟ್ಟದ್ದು. ದೇವರ ಗೂಡಿನ ಹತ್ತಿರವಂತೂ ಬೇಡವೇ ಬೇಡ. ಬಂದು ಒಂದೆರಡು ವಾರ ಕಳೆದ ಮೇಲೆ, ಅವರ ಅಪ್ಪ ಏನು ತೊಡುತ್ತಿದ್ದರು ಅಂತ ಕೇಳಿ. ಹಳೇ ಮೈಸೂರು ಕಡೆಯ ಹಿರಿಯರು ಕಚ್ಚೆ ಪಂಚೆ, ಮುಚ್ಚು ಕೋಟಿನ ಮೇಲೆ ಪೇಟವನ್ನೋ ಕರಿ ಟೋಪಿಯನ್ನೋ ಇಡದೆ ಬೀದಿಗಿಳಿಯುತ್ತಿರಲಿಲ್ಲ. ಮನೆಗೆ ಬಂದರೆ ಅದಕ್ಕೇ ಒಂದು ಗೂಟ ಇರುತ್ತಿತ್ತು. ಅವರು ಅದನ್ನೆಲ್ಲ ನೆನಪು ಮಾಡಿಕೊಂಡು ಹೇಳುವಾಗ ಸುಮ್ನೆ ಕೇಳಿಸಿಕೊಳ್ಳಿ. ನಿಮ್ಮ ಟೋಪಿಯ ಪರ ವಾದ ಮಾಡಲು ಅದನ್ನು ಬಳಸಬೇಡಿ.

ಮಗಳು ಈ ಟೋಪಿಗಳಲ್ಲಿ ಆಡುತ್ತಾಳಾ ಅಂತ ನೀವು ಬರೆದಿಲ್ಲ. ಆರು ವರ್ಷದ ಮಗು ಆಡದೇ ಇರುತ್ತದೆಯೇ? ಇದನ್ನು ಗಮನವಿಟ್ಟು ಓದಿ. ಹಿಂದೆ ಮೊಲ, ಬೀವರ್‌ಗಳ ತುಪ್ಪಳದಿಂದ ಫೆಲ್ಟ್ ಮಾಡುವಾಗ ಪಾದರಸದ ದ್ರಾವಣ ಸವರುತ್ತಿದ್ದರು, ಎಳೆಗಳು ಒರಟಾಗಿ ಒಂದಕ್ಕೊಂದು ಹೆಣೆದುಕೊಳ್ಳಲಿ ಅಂತ. ಆ ಹಬೆ ಕುಡಿದ ಕೆಲಸಗಾರರಿಗೆ ಕೈ ನಡುಗುತ್ತಿತ್ತು, ಮನಸ್ಸಿನ ಹತೋಟಿ ತಪ್ಪುತ್ತಿತ್ತು. ಅಮೆರಿಕದಲ್ಲಿ ಈ ಪದ್ಧತಿ ನಿಂತದ್ದೇ 1941ರಲ್ಲಿ. ಹಳೇ ಟೋಪಿಗಳಲ್ಲಿ ಆ ಪಾದರಸ ಇವತ್ತಿಗೂ ಉಳಿದಿರಬಹುದು. ಕುರಿ ಉಣ್ಣೆಯ ಫೆಲ್ಟಿಗೆ ಇದು ಬೇಕಿರಲಿಲ್ಲ. ಉಣ್ಣೆಯದು ದಪ್ಪ, ಸ್ವಲ್ಪ ಒರಟು. ತುಪ್ಪಳದ್ದು ತೆಳು, ರೇಷ್ಮೆಯಂತೆ ನುಣುಪು. ಗೊತ್ತಾಗದಿದ್ದರೆ ತುಪ್ಪಳದ್ದು ಅಂತಲೇ ಇಟ್ಟುಕೊಳ್ಳಿ. ಅಂಥದ್ದನ್ನು ಮಗುವಿನ ಕೈಗೆ ಕೊಡಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ. ಆಕಾರ ಸರಿಮಾಡಲು ಅಡುಗೆಮನೆಯಲ್ಲಿ ಕೆಟಲ್ ಹಬೆಗೆ ಹಿಡಿಯುವ ಅಭ್ಯಾಸ ಟೋಪಿ ಸಂಗ್ರಹ ಮಾಡುವವರಲ್ಲಿ ಇದೆ. ದಯವಿಟ್ಟು ಮಾಡಬೇಡಿ, ಬಿಸಿ ತಗುಲಿದರೆ ಪಾದರಸ ಗಾಳಿಗೆ ಸೇರುತ್ತದೆ. ಮರೂನ್ ಟೋಪಿ ಯಾವ ಫೆಲ್ಟಿನದು ಅಂತ ಗೊತ್ತಿರುವವರಿಗೆ ತೋರಿಸುವ ತನಕ ಅದನ್ನೂ ಹಾಕಬೇಡಿ. ಮಗಳಿಗೆ ಬೇಕಿದ್ದರೆ ಒಂದು ಹೊಸ ಹುಲ್ಲಿನ ಟೋಪಿ ಕೊಡಿಸಿ.

ಬಿಳಿ ಗರಿಯದನ್ನು ಊರಿಗೆ ಕಳಿಸಬೇಡಿ. ಗರಿ ಕೂದಲಿನಷ್ಟು ತೆಳುವಾಗಿ, ಉದ್ದವಾಗಿ, ಎಳೆ ಎಳೆಯಾಗಿದ್ದರೆ ಅದು ಬೆಳ್ಳಕ್ಕಿಯದಿರಬಹುದು. ಆ ಗರಿ ಬರುವುದು ಮರಿ ಮಾಡುವ ಕಾಲದಲ್ಲಿ. ಗೂಡಿನ ಹತ್ತಿರವೇ ಹಕ್ಕಿಯನ್ನು ಹೊಡೆಯುತ್ತಿದ್ದರು, ಮರಿಗಳು ಹಸಿದು ಸಾಯುತ್ತಿದ್ದವು. ಇದನ್ನು ತಡೆಯಲು 1889ರಲ್ಲಿ ಎಮಿಲಿ ವಿಲಿಯಮ್ಸನ್ ಎಂಬಾಕೆ ಹೆಂಗಸರನ್ನು ಸೇರಿಸಿ ಸಂಘ ಕಟ್ಟಿದ್ದು ನಿಮ್ಮ ಪಕ್ಕದ ಡಿಡ್ಸ್‌ಬರಿಯಲ್ಲಿ. ಬ್ರಿಟಿಷರ ಇಂಡಿಯಾದಿಂದ ಹಕ್ಕಿ ಗರಿ ಹೊರಗೆ ಕಳಿಸುವುದಕ್ಕೆ 1902ರಲ್ಲೇ ತಡೆ ಬಿತ್ತು, ಬ್ರಿಟನ್ ಆಮದನ್ನು ತಡೆದದ್ದು 1921ರಲ್ಲಿ. ಈಗ ಕಾಡುಹಕ್ಕಿಯ ಗರಿಯನ್ನು ಗಡಿ ದಾಟಿಸಲು ಕಾಗದಪತ್ರ ಬೇಕಾಗಬಹುದು, ಕಸ್ಟಮ್ಸ್‌ನಲ್ಲಿ ತಂಗಿ ಉತ್ತರ ಕೊಡಬೇಕಾಗಬಹುದು. ರಂಗನತಿಟ್ಟಿನ ಹಕ್ಕಿ ನೋಡಿ ಬೆಳೆದವರು ನಾವು, ಆ ಟೋಪಿ ತೊಡಲು ನಿಮಗೂ ಮನಸ್ಸು ಬರಲಾರದು. ಮ್ಯೂಸಿಯಂನವರಿಗೇ ತೋರಿಸಿ, ಅವರಿಗೆ ಬೇಕಾದರೆ ಕೊಟ್ಟುಬಿಡಿ.

ಇನ್ನು ಯುಗಾದಿ ಕೂಟ. ಸೀರೆಗೆ ಟೋಪಿ ಚೆನ್ನಾಗಿಯೇ ಒಪ್ಪುತ್ತದೆ, ಆದರೆ ಈ ವರ್ಷ ಬೇಡ. ಅತ್ತೆಗೆ ಅದು ಹೊಸ ದೇಶದ ಮೊದಲ ಕೂಟ, ನಿಮ್ಮವರಿಗೆ ಗುರುತಿರುವ ಜನವೇ ತುಂಬಿರುವ ಜಾಗ. ಅವರಿಬ್ಬರ ಒಪ್ಪಿಗೆಯನ್ನು ಅಲ್ಲಿ ಪರೀಕ್ಷೆ ಮಾಡಬೇಡಿ. ಮುಂದಿನ ವರ್ಷ ಮನೆಯಲ್ಲಿ ಎಲ್ಲ ಹದವಾಗಿದ್ದು, ಫೆಲ್ಟ್ ಉಣ್ಣೆಯದೇ ಅಂತ ಖಾತ್ರಿಯಾದರೆ ಮರೂನ್ ಟೋಪಿಗೆ ಒಂದು ಇಳಕಲ್ ಸೀರೆ ಉಡಿ. 1920ರ ದಶಕದ ಕ್ಲೋಶ್, ಅಂದರೆ ಗಂಟೆಯ ಆಕಾರದ ಟೋಪಿ ಆದರೆ ಹುಬ್ಬಿನ ತನಕ ಇಳಿಯುತ್ತದೆ, ತುಂಡು ಕೂದಲಿಗೆ ಸರಿ, ತುರುಬು ಕಟ್ಟಿದರೆ ಕೂರುವುದಿಲ್ಲ. 40ರ ದಶಕದ್ದನ್ನು ಹಣೆಯ ಕಡೆಗೆ ವಾಲಿಸಿ ಇಡಬಹುದು, ಹಿಂದೆ ತುರುಬಿಗೂ ಒಂದು ಮೊಳ ಮಲ್ಲಿಗೆಗೂ ಜಾಗ ಇರುತ್ತದೆ. ಹ್ಯಾಟ್‌ಪಿನ್ ಅನ್ನು ತುರುಬಿನ ಬುಡಕ್ಕೆ ಅಡ್ಡಲಾಗಿ ಚುಚ್ಚಿ, ತುದಿಗೆ ಮುಚ್ಚಳ ಹಾಕಿ. ಮಗಳನ್ನು ಎತ್ತಿಕೊಳ್ಳುವಾಗ ಕಣ್ಣಿಗೆ ತಾಗಬಾರದು.