ಇಂಟರಪ್ಟ್‌ಗಳನ್ನು ಸಮನಾಗಿ ಹಂಚಲು ಹೊರಡುವ ಮುನ್ನ ನಿಮ್ಮ ಪರೀಕ್ಷೆಯನ್ನೇ ಅನುಮಾನಿಸಿ

ಸ್ಟೋರೇಜ್ ಅಡಾಪ್ಟರ್‌ನ ಇಂಟರಪ್ಟ್‌ಗಳೆಲ್ಲ (‘ಕೆಲಸ ಮುಗಿಯಿತು’ ಎಂದು ಸಾಧನವು ಪ್ರೊಸೆಸರ್‌ಗೆ ಕಳಿಸುವ ಸಂಕೇತಗಳು) ಪ್ರೊಸೆಸರ್‌ನ ಒಂದೇ ಕೋರ್‌ಗೆ ಬೀಳುತ್ತಿವೆ, ಎಲ್ಲ ಕೋರ್‌ಗಳಿಗೂ ಸಮನಾಗಿ ಹಂಚುವುದು ಹೇಗೆ ಎಂದು ಕೇಳಿದ್ದೀರಿ. ಇದೇ ಪ್ರಶ್ನೆಯ ಬೆನ್ನು ಹತ್ತಿ ನಾನು ಮೂರು ವಾರ ಹಾಳು ಮಾಡಿಕೊಂಡವನು.

ಎರಡು ಸಾಕೆಟ್ (ಅಂದರೆ ಎರಡು ಪ್ರೊಸೆಸರ್), 32 ಕೋರ್‌ಗಳ ಲಿನಕ್ಸ್ ಸರ್ವರ್, ಅದರಲ್ಲಿ ಹೊಸ ಎನ್‌ವಿಎಂಇ ಕಾರ್ಡ್, ಅಂದರೆ ವೇಗದ ಸ್ಟೋರೇಜ್ ಕಾರ್ಡ್. ಸ್ಟೋರೇಜ್ ವೇಗ ಅಳೆಯುವ ಫಿಯೋ (fio) ಓಡಿಸಿ, ಯಾವ ಕೋರ್‌ಗೆ ಎಷ್ಟು ಇಂಟರಪ್ಟ್ ಬಂತೆಂದು ಲಿನಕ್ಸ್ ತೋರಿಸುವ ‘ಪ್ರೋಕ್’ ಅಡಿಯ ಇಂಟರಪ್ಟ್ಸ್ ಕಡತ (/proc/interrupts) ತೆರೆದರೆ, ಕಾರ್ಡಿನ ಅಷ್ಟೂ ಸಾಲುಗಳಲ್ಲಿ ಒಂದೇ ಒಂದು ಸಾಲಿನ ಅಂಕಿ ಓಡುತ್ತಿತ್ತು, ಅದೂ 3ನೇ ಕೋರ್‌ನ ಕೆಳಗೆ ಮಾತ್ರ. ಉಳಿದವು ಅಲ್ಲಾಡಲಿಲ್ಲ. ಇಂಟರಪ್ಟ್‌ಗಳನ್ನು ತಾನಾಗಿಯೇ ಹಂಚುವ ಐಆರ್‌ಕ್ಯೂಬ್ಯಾಲೆನ್ಸ್ ಸೇವೆಯನ್ನು ನಿಲ್ಲಿಸಿದೆ. ಅಫಿನಿಟಿಯನ್ನು, ಅಂದರೆ ಇಂಟರಪ್ಟ್ ಯಾವ ಕೋರ್‌ಗೆ ಹೋಗಬೇಕೆಂಬ ಸೆಟ್ಟಿಂಗನ್ನು, ಕೈಯಾರೆ ಬದಲಿಸಹೋದರೆ ‘ಇನ್‌ಪುಟ್/ಔಟ್‌ಪುಟ್ ಎರರ್’ ಎಂದು ಮುಖಕ್ಕೆ ಹೊಡೆಯಿತು. ಡ್ರೈವರ್ ಕೆಟ್ಟಿದೆ ಎಂದು ತೀರ್ಮಾನಿಸಿ ಕಾರ್ಡ್ ಮಾರಿದವರಿಗೆ ಎರಡು ಪುಟದ ದೂರು ಬರೆದೆ. ಬಂದ ಉತ್ತರ ಒಂದೇ ಸಾಲು: “ಕೆಲಸ ಎಷ್ಟು ಕೋರ್‌ಗಳಿಂದ ಹೊರಡುತ್ತಿದೆ?”

ಒಂದರಿಂದ! ಅಂಕಿಅಂಶ ಚೊಕ್ಕವಾಗಿರಲಿ ಎಂದು ಫಿಯೋದಲ್ಲಿ ಒಂದೇ ಜಾಬ್ (ಓದು-ಬರಹ ನಡೆಸುವ ಒಂದು ಕೆಲಸ) ಇಟ್ಟು, ಟಾಸ್ಕ್‌ಸೆಟ್ ಆದೇಶದಿಂದ ಅದನ್ನು 3ನೇ ಕೋರ್‌ಗೆ ಕಟ್ಟಿಹಾಕಿದವನು ನಾನೇ. ಎನ್‌ವಿಎಂಇಯಲ್ಲಿ, ಕಾರ್ಡಿಗೆ ಸಾಮರ್ಥ್ಯವಿದ್ದರೆ, ಪ್ರತಿ ಕೋರ್‌ಗೂ ತನ್ನದೇ ಕ್ಯೂ (ಕೋರಿಕೆಗಳ ಸರದಿ), ಆ ಕ್ಯೂಗೆ ತನ್ನದೇ ಇಂಟರಪ್ಟ್. 3ನೇ ಕೋರ್ ಓದಲು ಕೇಳಿದರೆ ‘ಮುಗಿಯಿತು’ ಎಂಬ ಸುದ್ದಿಯೂ 3ನೇ ಕೋರ್‌ಗೇ ಮರಳುತ್ತದೆ. 4ನೇ ಕೋರ್ ಏನನ್ನೂ ಕೇಳಿಯೇ ಇಲ್ಲ, ಅದಕ್ಕೇಕೆ ಇಂಟರಪ್ಟ್ ಬರಬೇಕು? ಒಂದೇ ಕಾಲುವೆಗೆ ನೀರು ಬಿಟ್ಟು, ಪಕ್ಕದ ಗದ್ದೆ ಒಣಗಿದೆ ಎಂದು ದೂರು ಕೊಟ್ಟಂತಾಗಿತ್ತು ನನ್ನ ಕತೆ. ಆ ಎರರ್ ಕೂಡ ದೋಷವಲ್ಲ. ಈ ಇಂಟರಪ್ಟ್‌ಗಳ ಜಾಗವನ್ನು ಲಿನಕ್ಸ್‌ನ ತಿರುಳಾದ ಕರ್ನಲ್ ತಾನೇ ಗೊತ್ತುಪಡಿಸಿ ಕಾಯುತ್ತದೆ, ನಮ್ಮ ಕೈ ತಾಗಗೊಡುವುದಿಲ್ಲ.

ಹಾಗಾಗಿ ‘ಸಮನಾಗಿ ಹಂಚಬೇಕು’ ಎಂಬ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. ಕೇಳಿದ ಕೋರ್‌ಗೇ ಉತ್ತರ ಬಂದರೆ ಕ್ಯಾಷ್ ಬೆಚ್ಚಗಿರುತ್ತದೆ, ಅಂದರೆ ಬೇಕಾದ ಮಾಹಿತಿ ಆ ಕೋರ್‌ನ ಪಕ್ಕದ ವೇಗದ ಸ್ಮೃತಿಯಲ್ಲೇ ಇರುತ್ತದೆ. ಚೆಂದಕ್ಕಾಗಿ ಇನ್ನೊಂದು ಸಾಕೆಟ್‌ಗೆ ಎಸೆದರೆ ಸಿಗುವುದು ವಿಳಂಬ ಮಾತ್ರ.

ಕೋರ್‌ಗಳಷ್ಟೇ ಜಾಬ್‌ಗಳನ್ನು ಇಡಿ, ಬಳಸುವ ಕೋರ್‌ಗಳ ಪಟ್ಟಿ (cpus_allowed) ಕೊಟ್ಟು ಫಿಯೋದ ಕೋರ್ ನೀತಿಯನ್ನು (cpus_allowed_policy) ‘ಸ್ಪ್ಲಿಟ್’ ಮಾಡಿ, ಆಗ ಒಂದೊಂದು ಜಾಬ್ ಒಂದೊಂದು ಕೋರ್‌ನಲ್ಲಿ ಕೂರುತ್ತದೆ. ಇಂಟರಪ್ಟ್ಸ್ ಕಡತದ ಅಂಕಿಗಳು ಯಂತ್ರ ಬೂಟ್ ಆದಾಗಿನಿಂದ ಕೂಡುತ್ತ ಬಂದ ಮೊತ್ತ. ಪರೀಕ್ಷೆಯ ಮೊದಲೊಮ್ಮೆ, ಕೊನೆಗೊಮ್ಮೆ ನಕಲಿಸಿಕೊಂಡು ಕಳೆದು ನೋಡಿ. ಕಾರ್ಡಿನ ಕ್ಯೂಗಳು ಕೋರ್‌ಗಳಿಗಿಂತ ಕಡಿಮೆಯಿದ್ದರೆ ಕೆಲವು ಕೋರ್‌ಗಳು ಒಂದೇ ಕ್ಯೂ ಹಂಚಿಕೊಳ್ಳುತ್ತವೆ. ಆಗ ಕೆಲವು ಕಡೆ ಸೊನ್ನೆ ಕಂಡರೆ ಗಾಬರಿ ಬೇಡ. ನಿಮ್ಮದು ಹಳೆಯ ಬಗೆಯ ಡಿಸ್ಕ್‌ಗಳ ಸಾಟಾ ಕಂಟ್ರೋಲರ್ ಆಗಿದ್ದು ಕಡತದಲ್ಲಿ ಅದಕ್ಕೆ ಒಂದೇ ಸಾಲು ಇದ್ದರಂತೂ ಹಂಚಲು ಅಲ್ಲಿ ಏನೂ ಇಲ್ಲ.

ಅಂದ ಹಾಗೆ, ನಿಮ್ಮ ಪ್ರಶ್ನೆಯಲ್ಲಿ ಜಾಬ್‌ಗಳು ಎಷ್ಟು ಎಂದು ಎಲ್ಲೂ ಬರೆದಿಲ್ಲ. ನನ್ನ ಎರಡು ಪುಟದ ದೂರಿನಲ್ಲೂ ಬರೆದಿರಲಿಲ್ಲ.